ಮೋರಿಯಲ್ಲ, ಅದು ಕಾಲುವೆ

ಕಳೆದ ರಜೆಯಲ್ಲಿ ಊರಿನಿಂದ ಉಮ್ಮ ಬಂದಿದ್ದರು. ಮಕ್ಕಳನ್ನೂ ಕರೆದುಕೊಂಡು ಒಂದು ಭಾನುವಾರ ಬೆಳಗ್ಗೆ ಹೊಸಕೋಟೆಯಿಂದ ಬಸ್ಸು ಹತ್ತಿ ಬೆಂಗಳೂರಿನ ಶಾಂತಿನಗರಕ್ಕೆ ಹೋದೆವು. ಅಲ್ಲಿನ ರಾಜಕಾಲುವೆಯನ್ನು ಸರಿಪಡಿಸಿ, ಪಕ್ಕದಲ್ಲಿ ನಡೆದಾಡಲು ದಾರಿ ಮಾಡಿದ್ದಾರೆಂದು ಕೇಳಿದ್ದೆವು. "ಮೋರಿ ನೋಡಲು ಇಷ್ಟು ದೂರ ಯಾರಾದ್ರೂ ಬರ್ತಾರಾ?" ಅಂತ ದೊಡ್ಡ ಮಗ ನಕ್ಕ. ಉಮ್ಮ ಮಾತ್ರ ಕಂಬಿ ಹಿಡಿದು ಬಗ್ಗಿ ನೋಡಿ, "ಇದು ಮೋರಿ ಅಲ್ಲ ಮಗನೇ, ತೋಡು" ಅಂದರು.

ಉಮ್ಮ ಹೇಳಿದ್ದೇ ಸರಿ. ಕರಾವಳಿಯಲ್ಲಿ ನಮಗೆ ತೋಡು ಹೇಗೋ ಬಯಲುಸೀಮೆಯವರಿಗೆ ರಾಜಕಾಲುವೆ ಹಾಗೆ. ವ್ಯತ್ಯಾಸ ಇಷ್ಟೇ: ನಮ್ಮ ತೋಡು ಹೊಳೆಗೆ ಸೇರುತ್ತದೆ, ಇಲ್ಲಿನ ಕಾಲುವೆ ಕೆರೆಯಿಂದ ಕೆರೆಗೆ ಹೋಗುತ್ತದೆ. ದೊಡ್ಡ ನದಿಯಿಲ್ಲದ ಬೆಂಗಳೂರು ಬದುಕಿದ್ದೇ ಹಾಗೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು.

ನಾವು ನೋಡಿದ ಕಾಲುವೆಗೆ ಕೆ-100 ಎಂದು ಹೆಸರು. ಮೆಜೆಸ್ಟಿಕ್ ಕಡೆಯಿಂದ ಹೊರಟು ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ. ಮೆಜೆಸ್ಟಿಕ್‌ನಲ್ಲಿ ನಾವು ಬಸ್ಸಿಗೆ ಓಡುವ ಜಾಗ ಒಂದು ಕಾಲದ ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಯಲ್ಲಿ ಬಂತು. ದೊಡ್ಡಬಳ್ಳಾಪುರದ ಮೇಲೆ ಹರಿದು ಬರುವ ಅದೇ ಅರ್ಕಾವತಿ! ನಲ್ಲಿ ಬಂದ ಮೇಲೆ ಪೇಟೆಯವರಿಗೆ ಕೆರೆ ಬೇಡವಾಯಿತು. ಕೆರೆ ಬೇಡವಾದ ಮೇಲೆ ಕಾಲುವೆಯನ್ನು ಕೇಳುವವರು ಯಾರು? ಮನೆಮನೆಯ ಕೊಳಚೆ ಅದಕ್ಕೇ ಬಿತ್ತು. ಕೊನೆಗೆ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಬಂತು. 2017ರಲ್ಲಿ ಕೆರೆಗೇ ಬೆಂಕಿ ಹೊತ್ತಿಕೊಂಡಿತು.

ಇದನ್ನು ಸರಿಪಡಿಸಲು ಪಾಲಿಕೆ ಕೆಲವು ವರ್ಷಗಳ ಹಿಂದೆ ಸುಮಾರು 175 ಕೋಟಿ ರೂಪಾಯಿಯ ಯೋಜನೆ ಕೈಗೆತ್ತಿಕೊಂಡಿತು. ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸುವುದು, ಹೂಳು ತೆಗೆಯುವುದು, ಸಂಸ್ಕರಿಸಿದ ನೀರು ಹರಿಸುವುದು, ಎರಡೂ ಬದಿ ಜನ ಓಡಾಡುವಂತೆ ಮಾಡುವುದು ಇದರ ಉದ್ದೇಶ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್ಗೆಚೊನ್ ಎಂಬ ತೊರೆಯ ಮೇಲೆ ಮೇಲ್ಸೇತುವೆ ರಸ್ತೆಯನ್ನೇ ಕಟ್ಟಿದ್ದರು. ಅದನ್ನು ಕೆಡವಿ 2005ರಲ್ಲಿ ತೊರೆಯನ್ನು ಜನರಿಗೆ ಬಿಟ್ಟುಕೊಟ್ಟರು. ಈಗ ಅಲ್ಲಿ ಜನ ಸಂಜೆ ನೀರಿಗೆ ಕಾಲು ಬಿಟ್ಟು ಕೂರುತ್ತಾರೆ.

ನಮ್ಮ ಕಾಲುವೆ ಇನ್ನೂ ಅಷ್ಟಕ್ಕೆ ಬಂದಿಲ್ಲ. ನೀರಿಗೆ ಕಾಲಿಡುವ ಹಾಗಿಲ್ಲ, ಕೆಲವು ಕಡೆ ಮೂಗು ಮುಚ್ಚಬೇಕು. ಆದರೂ ಕಲ್ಲು ಹಾಸಿದ ದಾರಿಯಿದೆ, ಗಿಡಗಳಿವೆ, ಕೂರಲು ಜಾಗವಿದೆ. ವಯಸ್ಸಾದವರು ವಾಹನದ ಭಯವಿಲ್ಲದೆ ನಡೆಯಬಹುದು. ಹೋಗುವವರು ಬೆಳಗ್ಗೆಯೋ ಸಂಜೆಯೋ ಹೋಗಿ, ಮಧ್ಯಾಹ್ನ ನೆರಳು ಕಡಿಮೆ. ತಿಂಡಿ ಕಟ್ಟಿಕೊಂಡು ಹೋದರೆ ಖಾಲಿ ಕವರು ವಾಪಸ್ ಮನೆಗೆ ಬರಲಿ. ನಮ್ಮ ಎದುರಿಗೇ ಒಬ್ಬರು ನೀರಿನ ಬಾಟ್ಲಿಯನ್ನು ಕಾಲುವೆಗೆ ಎಸೆದರು. ಕೋಟಿಗಟ್ಟಲೆ ಸುರಿದರೂ ಆ ಒಂದು ಕೈಯನ್ನು ತಡೆಯಲಾಗದಿದ್ದರೆ ಏನು ಪ್ರಯೋಜನ?

ಇದು ಪೇಟೆಯವರ ಸಮಸ್ಯೆ, ನಮಗ್ಯಾಕೆ ಅನ್ನಬೇಡಿ. ಬೆಳ್ಳಂದೂರಿನ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಬರುತ್ತಿದೆ. ಪೇಟೆಯವರು ಬಿಟ್ಟ ನೀರು ತಿರುಗಿ ನಮ್ಮ ಬೋರ್‌ವೆಲ್ಲಿನ ಬುಡಕ್ಕೇ ಬರುತ್ತದೆ.

ಇನ್ನೊಂದು ಮಾತು. ಘಟ್ಟ ಹತ್ತಿ ಬಂದು ವ್ಯಾಪಾರ ಮಾಡಿ ನಾಲ್ಕು ಕಾಸು ಕೂಡಿಸಿದ ನಮ್ಮವರು ಹೊಸಕೋಟೆ, ದೇವನಹಳ್ಳಿ, ನೆಲಮಂಗಲದಲ್ಲಿ ಸೈಟು ನೋಡುತ್ತಿದ್ದಾರೆ. ನಾವೂ ಒಮ್ಮೆ ನೋಡಿದ್ದೆವು. ಸೈಟಿನ ಅಂಚಿಗೆ ಒಣಗಿದ ತಗ್ಗು. "ಅದು ಹಳೇ ಮೋರಿ, ಮಣ್ಣು ಹಾಕಿದ್ರೆ ಆಯ್ತು" ಎಂದ ದಲ್ಲಾಳಿ. ಗ್ರಾಮ ನಕ್ಷೆ ತೆಗೆಸಿ ನೋಡಿದರೆ ಅದು ಕೆರೆಗೆ ಹೋಗುವ ಕಾಲುವೆ! ಮುಂಗಡ ಕೊಡುವ ಮೊದಲು ನೋಡಿದ್ದಕ್ಕೆ ಬಚಾವಾದೆವು. 2022ರ ಮಳೆಗೆ ಬೆಳ್ಳಂದೂರು ಸುತ್ತಮುತ್ತ ದೊಡ್ಡ ದೊಡ್ಡ ಬಡಾವಣೆಗಳೇ ಮುಳುಗಿದ್ದನ್ನು ನೆನಪಿಡಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದು ಸರ್ವೆ ಕಚೇರಿಯಲ್ಲಿ ನಕ್ಷೆ ಕೇಳಿ.

ವಾಪಸ್ ಬರುವಾಗ ಹೊಸಕೋಟೆ ಕೆರೆಯ ಹತ್ತಿರ ಮಗ ಕಿಟಕಿಯಾಚೆ ಕೈ ತೋರಿಸಿ, "ಅಜ್ಜೀ, ಅಲ್ಲೂ ಒಂದು ತೋಡು" ಅಂದ. ಹುಲ್ಲು ಬೆಳೆದು, ಅರ್ಧ ಕಸ ತುಂಬಿದ ಕಾಲುವೆ. ಇನ್ನೂ ಉಳಿದಿದೆ. ಅದನ್ನು ಕಾಪಾಡಲು ಕೋಟಿ ಬೇಡ, ಕಸ ಹಾಕದಿದ್ದರೆ ಸಾಕು.