ಮೇಗರವಳ್ಳಿಯಷ್ಟನ್ನೇ ಕತ್ತರಿಸಿಕೊಳ್ಳುವುದು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಮೇಗರವಳ್ಳಿಯ ಸುತ್ತಲ ತೋಟ, ಗದ್ದೆ, ಕಾಡುಗಳನ್ನು ಆಕಾಶದಿಂದ ನೋಡಲು ಈಗ ಹಣ ಕೊಡಬೇಕಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆದ ಚಿತ್ರಗಳು 2015ರಿಂದೀಚೆಗೆ ಎಲ್ಲರಿಗೂ ಉಚಿತ. ತೊಡಕಿರುವುದು ಗಾತ್ರದಲ್ಲಿ. ಒಂದು ಚಿತ್ರ ಸುಮಾರು 110 ಕಿ.ಮೀ. ಉದ್ದ, ಅಷ್ಟೇ ಅಗಲದ ನೆಲವನ್ನು ಒಳಗೊಳ್ಳುತ್ತದೆ. ಒಂದು ಪಿಕ್ಸೆಲ್ ಎಂದರೆ 10 ಮೀಟರ್ ಚೌಕ. ಹಾಗಾಗಿ ಒಂದೊಂದು ಬಣ್ಣದ ಪದರದಲ್ಲೂ 12 ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳಿರುತ್ತವೆ. ಮಲೆನಾಡಿನ ಇಂಟರ್ನೆಟ್ಟಿಗೂ ಮನೆಯ ಲ್ಯಾಪ್‌ಟಾಪಿಗೂ ಇದು ದೊಡ್ಡ ಹೊರೆ.

ಹೊರೆ ಇಳಿಸಲು ಎರಡು ದಾರಿಗಳಿವೆ. ಬೇಕಾದ ಜಾಗವನ್ನಷ್ಟೇ ಕತ್ತರಿಸಿಕೊಳ್ಳುವುದು ಒಂದು. ಇಡೀ ಚಿತ್ರವನ್ನು ಇಟ್ಟುಕೊಂಡು, ಹತ್ತಕ್ಕೊಂದರಂತೆ ಪಿಕ್ಸೆಲ್ ಆರಿಸಿ ತೆಳುವಾಗಿಸುವುದು ಇನ್ನೊಂದು. ಎರಡರಲ್ಲೂ ಕಡತ ಚಿಕ್ಕದಾಗುತ್ತದೆ, ಆದರೆ ಕಳೆದುಹೋಗುವುದು ಒಂದೇ ಅಲ್ಲ.

ಮೇಗರವಳ್ಳಿಯ ಸುತ್ತ 5 ಕಿ.ಮೀ. ಚೌಕವನ್ನು ಕತ್ತರಿಸಿದರೆ ಉಳಿಯುವುದು ಎರಡೂವರೆ ಲಕ್ಷ ಪಿಕ್ಸೆಲ್. ಅಲ್ಲಿನ ಒಂದೆಕರೆ ತೋಟಕ್ಕೆ ಸುಮಾರು 40 ಪಿಕ್ಸೆಲ್ ಮೊದಲಿನಂತೆಯೇ ಇರುತ್ತವೆ. ತೆಳುವಾಗಿಸಿದರೆ ಎರಡು ಪಿಕ್ಸೆಲ್‌ಗಳ ನಡುವೆ 100 ಮೀಟರ್ ಅಂತರ. ನಮ್ಮಲ್ಲಿ ಅಡಿಕೆ ತೋಟಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿ ಪಟ್ಟಿಯಂತೆ ಸಾಗುತ್ತವೆ. ನಲವತ್ತು ಮೀಟರ್ ಅಗಲದ ಪಟ್ಟಿಯೊಂದು ಆ ಅಂತರದಲ್ಲಿ ಪೂರ್ತಿ ಕಾಣೆಯಾಗಬಹುದು. ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಹರಡಿದ ಲಿಂಗನಮಕ್ಕಿ ಹಿನ್ನೀರು ಎಷ್ಟು ತುಂಬಿದೆ ಎಂದು ಒಂದು ನೋಟಕ್ಕೆ ತಿಳಿಯಲು ತೆಳು ಚಿತ್ರ ಧಾರಾಳ ಸಾಕು. ತೋಟದ ಲೆಕ್ಕಕ್ಕೆ ಅದನ್ನು ನಂಬುವಂತಿಲ್ಲ.

ಕತ್ತರಿಸುವ ಕೆಲಸಕ್ಕೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವಿದೆ. ಅದರ ರಾಸ್ಟರ್ ಮೆನುವಿನಲ್ಲಿ ಚೌಕವಾಗಿಯೂ, ಗ್ರಾಮದ ಗಡಿರೇಖೆಯಂತೆಯೂ ಕತ್ತರಿಸಬಹುದು. ಗಡಿಯಂತೆ ಕತ್ತರಿಸಿದಾಗ ಹೊರಗುಳಿದ ಪಿಕ್ಸೆಲ್‌ಗಳಿಗೆ ‘ಮಾಹಿತಿ ಇಲ್ಲ’ ಎಂಬ ಗುರುತು ಕೊಡಲೇಬೇಕು. ಇಲ್ಲದಿದ್ದರೆ ಅವು ಸೊನ್ನೆಗಳಾಗಿ ಉಳಿದು ಸರಾಸರಿಯನ್ನು ಕೆಳಗೆಳೆಯುತ್ತವೆ. ಉಳಿಸುವಾಗ ಜಿಯೋಟಿಫ್ ರೂಪದಲ್ಲೇ ಉಳಿಸಿ. ಸ್ಕ್ರೀನ್‌ಶಾಟ್ ತೆಗೆದರೆ ಚಿತ್ರ ಬರುತ್ತದೆ, ಅಕ್ಷಾಂಶ ರೇಖಾಂಶ ಬರುವುದಿಲ್ಲ. ಮೋಡ ಕವಿಯುವ ಆಗುಂಬೆಯ ಮಗ್ಗುಲಿನ ನಮಗೆ ಕತ್ತರಿಸುವುದರಿಂದ ಇನ್ನೊಂದು ಲಾಭವೂ ಇದೆ. ಚಿತ್ರದ ಜೊತೆ ಕೊಡುವ ಮೋಡದ ಶೇಕಡಾವಾರು ಇಡೀ 110 ಕಿ.ಮೀ. ಚೌಕದ್ದು. ಅರ್ಧಕ್ಕರ್ಧ ಮೋಡವಿದೆಯೆಂದು ಬಿಟ್ಟುಬಿಡುವ ಚಿತ್ರದಲ್ಲೂ ನಮ್ಮ ಚೌಕ ತಿಳಿಯಾಗಿರಬಹುದು.

ತೆಳುವಾಗಿಸುವಾಗ ಕಳೆಯುವುದು ಮಾತ್ರವಲ್ಲ, ಇಲ್ಲದ್ದು ಹುಟ್ಟಿಕೊಳ್ಳುವುದೂ ಉಂಟು. ನನಗೆ ಇದೇ ಹೆಚ್ಚು ಅಪಾಯವೆನಿಸುತ್ತದೆ. ಅಡಿಕೆ ಸಾಲುಗಳ ನಡುವೆ 2.7 ಮೀಟರ್ ಅಂತರವಿದೆ, ಉಪಗ್ರಹದ ಬದಲು ಡ್ರೋನ್‌ನಿಂದ ತೆಗೆದ ಚಿತ್ರದ ಪಿಕ್ಸೆಲ್ 5 ಸೆಂ.ಮೀ. ಎಂದಿಟ್ಟುಕೊಳ್ಳಿ. ಐವತ್ತಕ್ಕೊಂದು ಪಿಕ್ಸೆಲ್ ಎತ್ತಿಕೊಂಡರೆ 2.5 ಮೀಟರಿಗೆ ಒಂದು ಬಿಂದು. ಮೊದಲ ಬಿಂದು ಗರಿಯ ಮೇಲೆ ಬಿದ್ದರೆ ಮುಂದಿನದು ಸಾಲಿನಿಂದ 20 ಸೆಂ.ಮೀ. ಸರಿದಿರುತ್ತದೆ, ಅದರಾಚೆಯದು 40. ಹೀಗೆ ಸರಿಯುತ್ತಾ ಬಿಂದುಗಳು ನೆರಳಿಗಿಳಿದು, ಸುಮಾರು 34 ಮೀಟರಿಗೆ ಮತ್ತೆ ಗರಿಯ ಮೇಲೆ ಬರುತ್ತವೆ. ಪರದೆಯಲ್ಲಿ ತೋಟದ ಉದ್ದಕ್ಕೂ ಹಗುರ, ಗಾಢ ಪಟ್ಟೆಗಳು ಮೂಡುತ್ತವೆ. ಎಲೆಚುಕ್ಕಿ ರೋಗದ ಹೆದರಿಕೆಯಲ್ಲಿರುವ ಬೆಳೆಗಾರರು ಅದನ್ನು ರೋಗವೆಂದೇ ಓದಿಕೊಂಡಾರು. ಒಂದೊಂದು ಪಿಕ್ಸೆಲ್ ಎತ್ತಿಕೊಳ್ಳುವ ಬದಲು 50 × 50 ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಆ ಪಟ್ಟೆಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ.

ಹಾಗೆಂದು ಎಲ್ಲದಕ್ಕೂ ಸರಾಸರಿ ಸಲ್ಲದು. ಕಾಡಿಗೆ 1, ತೋಟಕ್ಕೆ 2, ಗದ್ದೆಗೆ 3 ಎಂದು ಅಂಕೆ ಕೊಟ್ಟು ಮಾಡಿದ ಭೂಬಳಕೆ ನಕ್ಷೆಯಲ್ಲಿ ಕಾಡು ಗದ್ದೆಗಳ ಅಂಚಿನಲ್ಲಿ ಸರಾಸರಿ ತೆಗೆದರೆ 2 ಬರುತ್ತದೆ, ಯಾರೂ ನೆಡದ ತೋಟ ನಕ್ಷೆಯಲ್ಲಿ ಕಾಣಿಸುತ್ತದೆ. ಅಂಥ ನಕ್ಷೆಗಳಿಗೆ, ಸುತ್ತಲಿನ ಪಿಕ್ಸೆಲ್‌ಗಳಲ್ಲಿ ಯಾವ ಅಂಕೆ ಹೆಚ್ಚಿದೆಯೋ ಅದನ್ನೇ ಉಳಿಸುವ ಬಹುಮತದ ವಿಧಾನವನ್ನು ಆರಿಸಿಕೊಳ್ಳಬೇಕು.