ಗೆರೆ ದಾಟಿದ ಅಂಕಿ

ತನ್ನ ಮುಂದಿನ ದಿನಗಳನ್ನು ಕಾಗದದ ಮೇಲೆ ಓದಿಕೊಳ್ಳುವ ಹಂಬಲ ಮನುಷ್ಯನಿಗೆ ಹೊಸದಲ್ಲ. ಹಿಂದೆ ಆ ಕಾಗದ ಜಾತಕವಾಗಿತ್ತು. ಈಗ ರಕ್ತಪರೀಕ್ಷೆಯ ವರದಿಯೂ ಅದರ ಪಕ್ಕದಲ್ಲಿ ಬಂದು ಕುಳಿತಿದೆ. ಶನಿ ಯಾವ ಮನೆಯಲ್ಲಿದ್ದಾನೆಂದು ಹುಡುಕುತ್ತಿದ್ದ ಕಣ್ಣು ಇಲ್ಲಿ ದಪ್ಪಕ್ಷರದ ಅಂಕಿಯನ್ನು ಹುಡುಕುತ್ತದೆ. ಆದರೆ ಇವೆರಡರ ನಡುವೆ ಒಂದು ದೊಡ್ಡ ಅಂತರವುಂಟು. ಹುಟ್ಟಿದ ಗಳಿಗೆಯನ್ನು ಮತ್ತೊಮ್ಮೆ ತರಲಾಗದು. ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಬಹುದು. ವರದಿ ಕೈಗೆ ಬಂದ ಗಳಿಗೆಯಲ್ಲಿ ನಾವು ಮರೆಯುವುದು ಇದನ್ನೇ.

ನಮ್ಮ ರಬಕವಿ ನೇಕಾರರ ಊರು. ಇಲ್ಲಿಯ ಮನೆಗಳಿಗೂ ಈಗ ಇಂಥ ವರದಿಗಳು ಬರುತ್ತವೆ. ಅವು ಇಂಗ್ಲಿಷಿನಲ್ಲಿರುವುದರಿಂದ, ಇಂಗ್ಲಿಷು ಕಲಿಸಿದವನೆಂಬ ಒಂದೇ ಕಾರಣಕ್ಕೆ ಕೆಲವರು ಅವನ್ನು ನನ್ನ ಬಳಿಗೆ ತರುತ್ತಾರೆ. “ಮಾಸ್ತರ್ರೀ, ಹನ್ನೆರಡು ಇರಬೇಕಂತ, ಹನ್ನೊಂದೂವರಿ ಐತಿ. ಏನಾಗೇತ್ರಿ ನಮ್ಮಾಕಿಗೆ?” ಎಂದು ನೇಕಾರರೊಬ್ಬರು ಕೇಳಿದಾಗ, ವೈದ್ಯನಲ್ಲದ ನಾನು ಉತ್ತರ ಹೇಳುವಂತಿರಲಿಲ್ಲ. ಆದರೆ ಈ ‘ಇರಬೇಕು’ ಎಂಬುದನ್ನು ಗೊತ್ತುಮಾಡಿದವರು ಯಾರು, ಹೇಗೆ ಎಂಬುದನ್ನು ತಿಳಿಯುವ ಆಸೆ ಅಂದಿನಿಂದ ಹುಟ್ಟಿತು.

ಬಹುಮಟ್ಟಿಗೆ ಅದು ಎಣಿಕೆಯ ಕೆಲಸ. ಆರೋಗ್ಯವಂತರೆಂದು ಕಂಡ ಅನೇಕರ ರಕ್ತವನ್ನು ಅಳೆದು, ಬಂದ ಅಂಕಿಗಳನ್ನು ಸಾಲಾಗಿ ಇಟ್ಟು, ನಡುವಿನ ನೂರಕ್ಕೆ 95 ಪಾಲನ್ನು ಉಳಿಸಿಕೊಂಡು ಎರಡು ತುದಿಗಳಲ್ಲಿ ಗೆರೆ ಎಳೆಯುತ್ತಾರೆ. ಹಾಗಾದರೆ ಉಳಿದ ಐವರೂ ಆರೋಗ್ಯವಂತರೇ ಅಲ್ಲವೇ? ಗೆರೆ ಅವರನ್ನು ಹೊರಗಿಟ್ಟಿತು, ಅಷ್ಟೆ. ಒಬ್ಬ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಮಾಡಿಸಿದರೆ, ಒಂದಾದರೂ ಗೆರೆ ದಾಟುವ ಸಂಭವ ನೂರಕ್ಕೆ 64ರಷ್ಟು! ಆದ್ದರಿಂದಲೇ 1969ರಲ್ಲಿ ಫಿನ್‌ಲೆಂಡಿನ ಗ್ರೆಸ್ಬೆಕ್ ಮತ್ತು ಸಾರಿಸ್ ಎಂಬ ವಿದ್ವಾಂಸರು ‘ಸಹಜ ಅಂಕಿ’ ಎಂಬ ಮಾತಿನ ಬದಲು ‘ಹೋಲಿಕೆಯ ಅಂಕಿ’ ಎಂಬರ್ಥದ ಮಾತನ್ನು ಬಳಕೆಗೆ ತಂದರು.

ಎಲ್ಲ ಗೆರೆಗಳೂ ಹೀಗೆ ಹುಟ್ಟಿದವಲ್ಲ. ಸಕ್ಕರೆಯ ಗೆರೆಯನ್ನು ಮುಂದೆ ಬರಬಹುದಾದ ರೋಗದ ಭಯವನ್ನು ನೋಡಿ ಎಳೆದಿದ್ದಾರೆ. ಅಲ್ಲಿಯೂ ಒಮ್ಮತವಿಲ್ಲ. ಬರಿಹೊಟ್ಟೆಯ ಸಕ್ಕರೆ 110 ಮುಟ್ಟಿದರೆ ಎಚ್ಚರವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೆ, ಅಮೆರಿಕದ ಮಧುಮೇಹ ಸಂಘ 2003ರಲ್ಲಿ ಅದನ್ನು 100ಕ್ಕೆ ಇಳಿಸಿತು. 105 ಇರುವವನು ಒಂದು ಲೆಕ್ಕದಲ್ಲಿ ಗೆರೆಯ ಒಳಗೆ, ಇನ್ನೊಂದರಲ್ಲಿ ಹೊರಗೆ, ಮನುಷ್ಯನೋ ಒಬ್ಬನೇ.

ಇದರ ಮೇಲೆ ರಕ್ತವೂ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ತೆಗೆದ ರಕ್ತವನ್ನು ಬೇರ್ಪಡಿಸದೆ ಹಾಗೆಯೇ ಇಟ್ಟರೆ ಅದರೊಳಗಿನ ಜೀವಕಣಗಳು ಸಕ್ಕರೆಯನ್ನು ಉಣ್ಣುತ್ತಲೇ ಇರುತ್ತವೆ; ಅಂಕಿ ಇಳಿಯುತ್ತದೆ. ಕೆಂಪುಕಣಗಳು ಒಡೆದರೆ ಪೊಟ್ಯಾಸಿಯಂ ಏರಿದಂತೆ ಕಾಣುತ್ತದೆ. ಪಿತ್ತವರ್ಣವಾದ ಬಿಲಿರುಬಿನ್ ಕೆಲವರಲ್ಲಿ ಹುಟ್ಟಿನಿಂದಲೇ ತುಸು ಹೆಚ್ಚು. ಫ್ರಾನ್ಸಿನ ವೈದ್ಯ ಗಿಲ್ಬೆರ್ 1901ರಲ್ಲಿ ಇದನ್ನು ವರ್ಣಿಸಿದ. ಉಪವಾಸದಿಂದ ಅದು ಮತ್ತಷ್ಟು ಏರುತ್ತದೆ. ಶಿವರಾತ್ರಿಯ ಮರುದಿನ ರಕ್ತ ಕೊಟ್ಟು, ಕಾಮಾಲೆಯೆಂದು ಕಂಗೆಡುವ ನಿರುಪದ್ರವಿ ಭಕ್ತ ಇಂಥವನೇ ಆಗಿರಬಹುದು.

ಹಾಗೆಂದು ಗೆರೆ ದಾಟಿದ್ದೆಲ್ಲ ಸುಳ್ಳೆಂದು ಕಾಗದವನ್ನು ಮಡಿಸಿಡಬಹುದೇ? ಕೂಡದು. ಈ ವಿವೇಕವನ್ನು ನೇಕಾರನೇ ನಮಗೆ ಕಲಿಸಬಲ್ಲ. ನೇಯ್ದ ಸೀರೆಯಲ್ಲಿ ಎಲ್ಲಿಯೋ ಒಂದು ಎಳೆ ಸಡಿಲವಾದರೆ ಅವನು ಮಗ್ಗವನ್ನು ಬಿಚ್ಚುವುದಿಲ್ಲ. ಅದೇ ಎಳೆ ಅದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪುತ್ತಿದ್ದರೆ ಮಗ್ಗವನ್ನು ನೋಡದೆ ಬಿಡುವುದೂ ಇಲ್ಲ. ಪುರುಷನೊಬ್ಬನ ಹಿಮೋಗ್ಲೋಬಿನ್ 15ರಿಂದ 14ಕ್ಕೆ, ಮತ್ತೆ 13.2ಕ್ಕೆ ಇಳಿದಿದೆಯೆನ್ನಿ. ಅಂಕಿ ಇನ್ನೂ ಗೆರೆಯ ಒಳಗೇ ಇದೆ. ಆದರೂ ಎಲ್ಲಿಯೋ ಗುಟ್ಟಾಗಿ ರಕ್ತ ಸೋರುತ್ತಿರಬಹುದು. ಇಲ್ಲಿ ಮಾತಾಡುವುದು ಗೆರೆಯಲ್ಲ, ಇಳಿಜಾರು.

ಆ ನೇಕಾರರ ಮಡದಿಯ ಹನ್ನೊಂದೂವರೆಯ ವಿಷಯವೂ ಹಾಗೆಯೇ. “ಹೆಂಗಸರಿಗೆಲ್ಲ ಇದ್ದದ್ದೇ” ಎನ್ನುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಹಲವರಿಗೆ ಇರುವುದು ಸಾಮಾನ್ಯವಾದೀತು, ಆರೋಗ್ಯವಾಗಲಾರದು. ಮೇಲಾಗಿ, ಇಂಥ ಅಲ್ಪ ಕೊರತೆಯ ಹಿಂದೆ ಕೆಲವೊಮ್ಮೆ ಥಲಸೀಮಿಯದ ವಾಹಕತ್ವ ಅಡಗಿರುತ್ತದೆ. ಕಬ್ಬಿಣದ ಕೊರತೆಯಲ್ಲಿಯೂ ವಾಹಕರಲ್ಲಿಯೂ ಕೆಂಪುಕಣಗಳು ಚಿಕ್ಕವಾಗಿಯೇ ಇರುತ್ತವೆ. ಆದರೆ ಕೊರತೆಯಲ್ಲಿ ಅವುಗಳ ಸಂಖ್ಯೆಯೂ ಸಾಮಾನ್ಯವಾಗಿ ಕುಗ್ಗುತ್ತದೆ, ವಾಹಕರಲ್ಲಿ ಸರಿಯಾಗಿಯೋ ಹೆಚ್ಚಾಗಿಯೋ ಇರುತ್ತದೆ. ಕಣದ ಗಾತ್ರವನ್ನು ಸಂಖ್ಯೆಯಿಂದ ಭಾಗಿಸಿ, 13ಕ್ಕಿಂತ ಕಡಿಮೆ ಬಂದರೆ ಸಂಶಯಪಡಿರೆಂದು ಮೆಂಟ್ಜರ್ 1973ರಲ್ಲಿ ಒಂದು ಸುಲಭ ಸೂತ್ರ ಕೊಟ್ಟ. ಸಂಶಯವನ್ನು ತೀರಿಸಲು ಹಿಮೋಗ್ಲೋಬಿನ್ ಎ-2 ಅಳೆಯುವ ಬೇರೆ ಪರೀಕ್ಷೆಯುಂಟು.

ವಾಹಕರು ತಮ್ಮ ಮಟ್ಟಿಗೆ ಬಹುತೇಕ ಸುಖವಾಗಿಯೇ ಇರುತ್ತಾರೆ. ಆದರೆ ವಾಹಕರಿಬ್ಬರು ಮದುವೆಯಾದರೆ, ಪ್ರತಿ ಬಸುರಿನಲ್ಲಿಯೂ ಮಗು ಜೀವಮಾನವಿಡೀ ಪರರಕ್ತದ ಮೇಲೆ ಬದುಕಬೇಕಾಗುವ ಸಂಭವ ನಾಲ್ಕರಲ್ಲೊಂದು. ಸೋದರಮಾವನಿಗೋ ಅವನ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ಸೀಮೆಯಲ್ಲಿ ಒಂದೇ ಮನೆತನದ ಇಬ್ಬರು ವಾಹಕರು ಕೂಡುವುದು ಸುಲಭ. ಕಬ್ಬಿಣದ ಗುಳಿಗೆ ತಿಂದರೂ ಏರದ ಹುಡುಗಿಯ ಆ ಸಣ್ಣ ಅಂಕಿ, ನಿಶ್ಚಯಕ್ಕೆ ಮೊದಲೇ ಯಾರಾದರೂ ಕೇಳಬೇಕಾದ ಮಾತನ್ನು ಹೇಳುತ್ತಿರುತ್ತದೆ.

ಆದಕಾರಣ ವರದಿಯೊಡನೆ ವೈದ್ಯರ ಮುಂದೆ ಕುಳಿತಾಗ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು: ನನ್ನ ಹಿಂದಿನ ಅಂಕಿ ಎಷ್ಟಿತ್ತು? ಜೊತೆಯ ಅಂಕಿಗಳು ಏನು ಹೇಳುತ್ತವೆ? ಮತ್ತೆ ಯಾವಾಗ ಪರೀಕ್ಷಿಸಬೇಕು? ಮೊದಲನೆಯ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಇರಬೇಕು. ಹೊಲದ ಉತಾರವನ್ನು ಜೋಪಾನವಾಗಿ ಕಟ್ಟಿಡುವ ನಾವು, ಅದೇ ಗಂಟಿನಲ್ಲಿ ಹಳೆಯ ವರದಿಗಳಿಗೂ ಒಂದಿಷ್ಟು ಜಾಗ ಮಾಡಿಕೊಡಬಹುದು.