ಎಕ್ಸೋಸೋಮ್: ಜೀವಕೋಶಗಳ ಟಪಾಲು

ಕೆಲವು ತಿಂಗಳ ಹಿಂದಿನ ಮಾತು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನಾನು ಕೆಲಸ ಮಾಡುವ ಬ್ಯಾಂಕಿನ ಶಾಖೆಗೆ ಬಂದು ಮುದ್ದತಿ ಠೇವಣಿಯ ರಸೀದಿಯನ್ನು ಮೇಜಿನ ಮೇಲಿಟ್ಟರು. ಮೂವತ್ತೈದು ವರ್ಷ ಮುಂಬಯಿಯ ಲೋಕಲ್ ಗಾಡಿಗಳಲ್ಲಿ ನಿಂತೇ ಪ್ರಯಾಣ ಮಾಡಿ ಕೂಡಿಟ್ಟ ಹಣ ಅದು. ಅವಧಿಗೆ ಮೊದಲೇ ಬೇಕೆಂದರು. ಕಾರಣ ಕೇಳಿದೆ.

“ಮೊಣಕಾಲಿಗೆ ಎಕ್ಸೋಸೋಮ್ ಚುಚ್ಚುಮದ್ದು ಕೊಡುತ್ತಾರಂತೆ. ಸವೆದದ್ದೆಲ್ಲ ಮತ್ತೆ ಬೆಳೆಯುತ್ತದಂತೆ.”

ವಾಣಿಜ್ಯ ಪದವೀಧರನಾದ ನನಗೆ ಆ ಹೆಸರೇ ಹೊಸದು. “ರಾಯರೇ, ಎಂಟು ದಿನ ತಡೆಯಿರಿ, ನಾನೂ ವಿಚಾರಿಸುತ್ತೇನೆ” ಎಂದು ಬೇಡಿಕೊಂಡೆ. ಆ ಎಂಟು ದಿನಗಳಲ್ಲಿ ಓದಿ, ವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ದೇಹದ ಜೀವಕೋಶಗಳು ಅತಿ ಸೂಕ್ಷ್ಮವಾದ ಚೀಲಗಳನ್ನು ಸದಾ ಹೊರಕ್ಕೆ ಬಿಡುತ್ತಿರುತ್ತವೆ. ಅವುಗಳಲ್ಲಿ ಒಂದು ಬಗೆಯೇ ಎಕ್ಸೋಸೋಮ್. ಅದರ ಅಡ್ಡಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ಎಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು. 1983ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟನ್ ಅವರ ತಂಡವೂ ಅಮೆರಿಕದ ಸೇಂಟ್ ಲೂಯಿಸಿನ ಇನ್ನೊಂದು ತಂಡವೂ ಇವನ್ನು ಬೇರೆಬೇರೆಯಾಗಿ ಕಂಡುಕೊಂಡವು. ಎಳೆಯ ಕೆಂಪು ರಕ್ತಕಣಗಳು ಬಲಿಯುವಾಗ ತಮಗೆ ಬೇಡವಾದ ಪ್ರೋಟೀನನ್ನು ಈ ಚೀಲಗಳಲ್ಲಿ ತುಂಬಿ ಹೊರಹಾಕುತ್ತಿದ್ದವು. ಆದುದರಿಂದ ಇವು ಕೋಶದ ಕಸದ ಬುಟ್ಟಿಗಳೆಂದೇ ಬಹುಕಾಲ ಭಾವಿಸಲಾಗಿತ್ತು.

2007ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗಿನ ವಿಜ್ಞಾನಿಗಳು ಈ ಚೀಲಗಳೊಳಗೆ ಆರ್.ಎನ್.ಎ. ಇರುವುದನ್ನೂ ಅದು ಬೇರೊಂದು ಕೋಶವನ್ನು ಸೇರಿ ಅಲ್ಲಿ ಕೆಲಸ ಮಾಡಬಲ್ಲದೆಂಬುದನ್ನೂ ತೋರಿಸಿದರು. ಕಸವೆಂದುಕೊಂಡದ್ದು ಟಪಾಲಾಗಿತ್ತು! ಒಂದು ಕೋಶವು ಮತ್ತೊಂದಕ್ಕೆ ಬರೆದ ಪತ್ರವನ್ನು ಲಕೋಟೆಯಲ್ಲಿಟ್ಟು ಕಳುಹಿಸಿದಂತೆ.

ಮೂಲಕೋಶಗಳಿಗೂ ಇವಕ್ಕೂ ಏನು ಸಂಬಂಧ? ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಗಳಿಂದ ತೆಗೆದ ಒಂದು ಜಾತಿಯ ಮೂಲಕೋಶಗಳನ್ನು ರಕ್ತನಾಳಕ್ಕೆ ಚುಚ್ಚಿದರೆ, ಬಹುಪಾಲು ಶ್ವಾಸಕೋಶದಲ್ಲಿಯೇ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ನಾಶವಾಗುತ್ತವೆ. ಆದರೂ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದೂರದ ಅಂಗಕ್ಕೆ ಗುಣ ಕಂಡುಬರುತ್ತಿತ್ತು. ಹಾಗಾದರೆ ಗುಣ ಬರುವುದು ಕೋಶದಿಂದಲೋ, ಅದು ಸ್ರವಿಸಿದ ವಸ್ತುವಿನಿಂದಲೋ ಎಂಬ ಸಂದೇಹ ಹುಟ್ಟಿತು. 2010ರಲ್ಲಿ ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಮತ್ತು ಸಂಗಡಿಗರು, ಮೂಲಕೋಶಗಳ ಎಕ್ಸೋಸೋಮುಗಳನ್ನಷ್ಟೇ ಕೊಟ್ಟಾಗಲೂ ಇಲಿಗಳ ಹೃದಯಕ್ಕಾದ ಹಾನಿ ತಗ್ಗಿತೆಂದು ಪ್ರಕಟಿಸಿದರು. ಅಂದಿನಿಂದ ಮೊಣಕಾಲು, ಚರ್ಮ, ನರ, ಮೂತ್ರಪಿಂಡ ಇವೆಲ್ಲವುಗಳ ದುರಸ್ತಿಗೆ ಇವನ್ನು ಪರೀಕ್ಷಿಸುವ ಕಾರ್ಯ ನಡೆದಿದೆ. ಜೀವಂತ ಕೋಶದಂತೆ ಇವು ಒಂದು ಎರಡಾಗಿ ಬೆಳೆಯುವುದಿಲ್ಲ, ಇದೊಂದು ಅನುಕೂಲ.

ಆದರೆ ಆಸೆಗೂ ಔಷಧಕ್ಕೂ ನಡುವೆ ದೂರವಿದೆ. ಕೋಶಗಳ ಮೂಲವೂ ಅವನ್ನು ಬೆಳೆಸಿದ ವಿಧಾನವೂ ಬದಲಾದರೆ ಲಕೋಟೆಯೊಳಗಿನ ಪತ್ರವೂ ಬದಲಾಗುತ್ತದೆ. ಪ್ರಮಾಣ ಎಷ್ಟಿರಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅರ್ಬುದದ ಕೋಶಗಳೂ ಇಂಥ ಟಪಾಲಿನ ಮೂಲಕವೇ ತಮ್ಮ ಹರಡುವಿಕೆಗೆ ದಾರಿ ಮಾಡಿಕೊಳ್ಳುತ್ತವೆ. ಆದುದರಿಂದ ಬಂದ ಪತ್ರವೆಲ್ಲ ಶುಭವಾರ್ತೆಯೇ ಆಗಿರಬೇಕೆಂದಿಲ್ಲ. 2019ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ನೆಬ್ರಾಸ್ಕ ರಾಜ್ಯದಲ್ಲಿ ಎಕ್ಸೋಸೋಮ್ ಎಂದು ಹೇಳಿ ನೀಡಿದ ಅನುಮತಿಯಿಲ್ಲದ ವಸ್ತುವಿನಿಂದ ರೋಗಿಗಳಿಗೆ ಗಂಭೀರ ದುಷ್ಪರಿಣಾಮಗಳಾದುವೆಂದು ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ನಮ್ಮಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತರೋಗಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥ ಸಮ್ಮತ ಚಿಕಿತ್ಸೆಗಳನ್ನುಳಿದು ಮೂಲಕೋಶಗಳ ಬಳಕೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ನಡೆಯತಕ್ಕದ್ದು.

ಎಂಟನೆಯ ದಿನ ರಾಯರಿಗೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಇದು ಅನುಮೋದಿತ ಔಷಧವೋ, ಪ್ರಯೋಗವೋ? ಪ್ರಯೋಗವಾದರೆ ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿಯಲ್ಲಿ ಅದರ ಸಂಖ್ಯೆಯೇನು? ಪ್ರಯೋಗಕ್ಕೆ ಒಳಗಾಗುವವನಿಂದಲೇ ಹಣ ಪಡೆಯುವುದೇಕೆ? ತೊಂದರೆಯಾದರೆ ಹೊಣೆ ಯಾರದು?

ಸಾಲ ಕೇಳಿ ಬಂದವರಿಗೆ ನಾವು ಇದಕ್ಕಿಂತ ಹೆಚ್ಚು ಪ್ರಶ್ನೆ ಹಾಕುತ್ತೇವೆ. ನಮ್ಮ ಶರೀರವನ್ನೇ ಒಪ್ಪಿಸುವಾಗ ಸಂಕೋಚವೇಕೆ?

ಆ ಚಿಕಿತ್ಸಾಲಯದವರು ಬರೆದು ಉತ್ತರಿಸಲು ಒಪ್ಪಲಿಲ್ಲವಂತೆ. ರಾಯರು ರಸೀದಿಯನ್ನು ಮನೆಗೆ ಒಯ್ದರು. ಮೂಳೆವೈದ್ಯರೊಬ್ಬರ ಸಲಹೆಯಂತೆ ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡುತ್ತ, ತೂಕ ಇಳಿಸುತ್ತಿದ್ದಾರೆ. ನೋವು ಪೂರ್ತಿ ಹೋಗಿಲ್ಲ; ರೈಲ್ವೆ ಸೇತುವೆಯ ಮೆಟ್ಟಿಲು ಹತ್ತುವಾಗ ಈಗಲೂ ಒಮ್ಮೆ ನಿಲ್ಲುತ್ತಾರೆ. ಮುಂದೆ ಬೇಕಾದಲ್ಲಿ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಆ ಠೇವಣಿ ಒದಗೀತು.

ಊರಿನಿಂದ ದೂರ ಬಂದು ದುಡಿದ ನಮ್ಮವರಿಗೆ ಮುಪ್ಪಿನಲ್ಲಿ ಉಳಿಯುವುದು ಈ ಎರಡೇ: ಅಷ್ಟಿಷ್ಟು ಆರೋಗ್ಯ, ಅಷ್ಟಿಷ್ಟು ಉಳಿತಾಯ. ವಿಜ್ಞಾನವು ತನ್ನ ಪರೀಕ್ಷೆಗಳನ್ನು ಮುಗಿಸಿ ಈ ಸೂಕ್ಷ್ಮ ಟಪಾಲನ್ನು ನಿಜವಾದ ಔಷಧವಾಗಿ ನಮ್ಮ ಕೈಗಿಡುವವರೆಗೆ, ಎರಡನ್ನೂ ಒಂದೇ ಚುಚ್ಚುಮದ್ದಿಗೆ ಪಣವಾಗಿಡದಿರೋಣ.